ಮಾಮಾರಿ ಹಲಗೆಯ ಚಂದ್ರ

ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಲ್ಲಿ ಮರದ ಹಲಗೆಗಳ ಮೇಲೆ ಕೆತ್ತಿದ, ಇನ್ನೂ ಯಾರಿಗೂ ಓದಲಾಗದ ಲಿಪಿ ರೊಂಗೊರೊಂಗೊ. ಆ ಬರಹವೆಲ್ಲ ಪಂಚಾಂಗವೇ ಅಂತ ಒಂದು ಲೇಖನದಲ್ಲಿ ಓದಿದೆ. ಅಷ್ಟು ದೂರ ಹೋಗುವುದು ಬೇಡ ಅನಿಸುತ್ತದೆ. ತಿಂಗಳ ಲೆಕ್ಕ ಗಟ್ಟಿಯಾಗಿ ಸಿಕ್ಕಿರುವುದು ಮಾಮಾರಿ ಎಂಬ ಒಂದೇ ಹಲಗೆಯಲ್ಲಿ, ಅದೂ ಎರಡು ಚಿಲ್ಲರೆ ಸಾಲಿನಲ್ಲಿ. 1958ರಲ್ಲಿ ಜರ್ಮನ್ ವಿದ್ವಾಂಸ ಥಾಮಸ್ ಬಾರ್ಥೆಲ್ ಅದನ್ನು ಗುರುತಿಸಿದರು. ಬಾಗಿದ ಚಂದ್ರನ ಗುರುತುಗಳು ಸಾಲಾಗಿ ಬರುತ್ತವೆ. ನಡುನಡುವೆ ಒಂದು ಮೀನು: ಹುಣ್ಣಿಮೆವರೆಗೆ ತಲೆ ಮೇಲೆ, ಆಮೇಲೆ ತಲೆ ಕೆಳಗೆ. ಎಷ್ಟು ಚೆಂದ ಅಲ್ವಾ! ದ್ವೀಪದ ಜನ ಒಂದೊಂದು ರಾತ್ರಿಗೂ ಒಂದೊಂದು ಹೆಸರಿಟ್ಟಿದ್ದರು. ಆ ಹೆಸರುಗಳನ್ನು ಯಾರೋ ಬರೆದುಕೊಂಡಿದ್ದರಿಂದಲೇ ಹೋಲಿಸಿ ನೋಡಲು ಆಯಿತು. ಉಳಿದ ಹಲಗೆಗಳಿಗೆ ಅಂಥ ಆಸರೆ ಇಲ್ಲ. 1862ರಲ್ಲಿ ಪೆರುವಿನ ಹಡಗುಗಳು ಜನರನ್ನು ಗುಲಾಮರಾಗಿ ಹೊತ್ತೊಯ್ದಾಗ ಓದಬಲ್ಲವರೂ ಹೋದರು. ಸುಮ್ನೆ ಪ್ರತಿ ಗೆರೆಗೂ ತಿಥಿ ಹಚ್ಚಿದರೆ ನನಗೆ ಸಂಕಟವಾಗುತ್ತದೆ. ಅದು ಹಾಡೋ, ವಂಶಾವಳಿಯೋ ಇದ್ದರೆ?