ಸತ್ಯಾಂಶ: ಅಮೆರಿಕದ ಕಾಲೇಜು ಟೀಮಿಗೆ ಸೇರಿದರೆ ಕೋಟಿ ಸಿಗುತ್ತದೆಯೇ?

ಡೊಂಬಿವಲಿ, ಮಾಟುಂಗಾ ಕಡೆಯ ನಮ್ಮ ಕನ್ನಡ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. "ಮಗ ಚೆನ್ನಾಗಿ ಈಜುತ್ತಾನಾ? ಅಮೆರಿಕದ ಕಾಲೇಜಿಗೆ ಕಳಿಸಿ. ತನ್ನ ಹೆಸರಿನಿಂದಲೇ ಕೋಟಿ ದುಡಿಯುತ್ತಾನೆ" ಅಂತ.

ಅರ್ಧ ನಿಜ. ಮೊದಲು ಅಲ್ಲಿನ ಕಾಲೇಜು ಆಟಗಾರರು ಜಾಹೀರಾತಿಗೆ ಹಣ ಪಡೆದರೆ ಆಡುವ ಅರ್ಹತೆಗೇ ಕುತ್ತು. 2021ರ ಜುಲೈ 1ರಿಂದ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ ಇದಕ್ಕೆ ಒಪ್ಪಿತು. ಜಾಹೀರಾತು, ಇನ್‌ಸ್ಟಾಗ್ರಾಂ ಪೋಸ್ಟ್, ಸಹಿ ಹಾಕಿದ ಜೆರ್ಸಿ, ಎಲ್ಲಾ ಸರಿ. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಆದರೆ ಅದರಲ್ಲಿ ದೊಡ್ಡ ಪಾಲು ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಈಜುಗಾರರಿಗೆ ಉಳಿಯುವುದು ಚೂರುಪಾರು.

ಮೆಸೇಜು ಬಾಯಿ ಬಿಡದ ವಿಷಯ ವೀಸಾ. ಅದೇ ಮುಖ್ಯ, ಅಲ್ವಾ? ನಮ್ಮ ಮಕ್ಕಳು ಸಾಮಾನ್ಯವಾಗಿ ಹೋಗುವುದು ಎಫ್-1 ವಿದ್ಯಾರ್ಥಿ ವೀಸಾದಲ್ಲಿ. ಅದರಲ್ಲಿ ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ದುಡಿಯುವಂತಿಲ್ಲ. ಎನ್‌ಸಿಎಎ ಬಿಟ್ಟರೂ ವಲಸೆ ಕಾನೂನು ಬಿಡುವುದಿಲ್ಲ. ಅಲ್ಲೇ ನಿಂತು ಜಾಹೀರಾತು ಶೂಟ್ ಮಾಡಿದರೆ ವೀಸಾಕ್ಕೇ ಅಪಾಯ. ಕೆಂಟಕಿ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದ ಕಾಂಗೋ ದೇಶದ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶೀಬ್ವೆ 2022ರಲ್ಲಿ ಇಂಥ ಕೆಲಸ ಮುಗಿಸಿದ್ದು ಟೀಮು ಬಹಾಮಾಸ್‌ಗೆ ಹೋಗಿದ್ದಾಗ, ಅಂದರೆ ಅಮೆರಿಕದ ಹೊರಗೆ! ಮುಂಬೈಗೆ ರಜೆಗೆ ಬಂದಾಗ ಶೂಟ್ ಮಾಡಬಹುದಾ? ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳಿ. ಫಾರ್ವರ್ಡ್ ಮಾಡಿದ ಮಾವನನ್ನಲ್ಲ.

ಸ್ಕಾಲರ್‌ಶಿಪ್ ಮಾತ್ರ ಬೇರೆ ಲೆಕ್ಕ. ಅದು ಎಫ್-1 ಮಕ್ಕಳಿಗೂ ಸಿಗುತ್ತದೆ. ಆದರೆ ಎನ್‌ಸಿಎಎಯ ಮೂರನೇ ಡಿವಿಷನ್, ಅಂದರೆ ಮೂರನೇ ದರ್ಜೆಯ, ಕಾಲೇಜುಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ.