ಟೆಸ್ಟರ್ ಉರಿಯಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತಲ್ಲ
ವಿದ್ಯುತ್ ಪ್ಯಾನೆಲ್ ಕೆಲಸದ ಸುರಕ್ಷತೆ ಬಗ್ಗೆ ನೀವು ಬರೆದ ಸೂಚನೆಗಳಲ್ಲಿರುವ "ಮೇನ್ ಆಫ್ ಮಾಡಿ, ಟೆಸ್ಟರ್ ಉರಿಯದಿದ್ದರೆ ಕೆಲಸ ಶುರು ಮಾಡಬಹುದು" ಎಂಬ ಸಾಲನ್ನು ದಯವಿಟ್ಟು ತಿದ್ದಿ. ನಿಯಾನ್ ಟೆಸ್ಟರ್ (ಪುಟ್ಟ ದೀಪವಿರುವ ಸ್ಕ್ರೂಡ್ರೈವರ್) ಉರಿಯುವುದೇ ನಮ್ಮ ಮೈ ಮೂಲಕ ನೆಲಕ್ಕೆ ಹರಿಯುವ ಅತ್ಯಲ್ಪ ಕರೆಂಟಿನಿಂದ. ಪ್ಯಾನೆಲ್ ಮುಂದಿನ ರಬ್ಬರ್ ಮ್ಯಾಟ್ ಮೇಲೋ ಒಣ ಮರದ ಏಣಿ ಮೇಲೋ ನಿಂತರೆ ಬೆಳಕು ಮಂಕಾಗುತ್ತದೆ, ಬಿಸಿಲಲ್ಲಂತೂ ಕಾಣುವುದೇ ಕಷ್ಟ. ಅಂದರೆ ನೀವೇ ಶಿಫಾರಸು ಮಾಡಿದ ಮ್ಯಾಟ್ ಮೇಲೆ ನಿಂತಾಗಲೇ ಅದನ್ನು ನಂಬುವಂತಿಲ್ಲ!

ಬೇಕಾದದ್ದು ಎರಡು ಪ್ರೋಬಿನ (ತಾಗಿಸಿ ಅಳೆಯುವ ಕಡ್ಡಿಯ) ಟೆಸ್ಟರ್ ಅಥವಾ ವೋಲ್ಟ್, ಆಂಪ್ ಅಳೆಯುವ ಒಳ್ಳೆಯ ಮಲ್ಟಿಮೀಟರ್. ಮೊದಲು ಚಾಲೂ ಇರುವ ಸಾಕೆಟ್‌ನಲ್ಲಿ 230 ವೋಲ್ಟ್ ತೋರಿಸುತ್ತದೆಯೇ ನೋಡಿ, ಆಮೇಲೆ ಕೆಲಸದ ಜಾಗ, ಮತ್ತೆ ಅದೇ ಸಾಕೆಟ್; ಮೀಟರ್ ನಡುವೆ ಕೆಟ್ಟಿಲ್ಲ ಎಂದು ಆಗ ಖಾತ್ರಿ. ತ್ರೀ ಫೇಸ್ ಆದರೆ ಫೇಸ್-ಫೇಸ್, ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಸೇರಿ 10 ಅಳತೆ. ಮಲ್ಟಿಮೀಟರಿನ ಕೆಂಪು ಲೀಡ್ (ವೈರ್) ಕರೆಂಟ್ ಅಳೆಯುವ 10 ಆಂಪ್ ತೂತಿನಲ್ಲೇ ಉಳಿದಿದ್ದರೆ ನೇರ ಶಾರ್ಟ್, ಅದನ್ನು ಮೊದಲೇ ನೋಡಿಕೊಳ್ಳಿ.

ಕೆಪಾಸಿಟರ್ ಬ್ಯಾಂಕ್ (ಆಫ್ ಮಾಡಿದ ಮೇಲೂ ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗಳ ಗುಂಪು) ಇರುವ ಪ್ಯಾನೆಲ್‌ನಲ್ಲಿ 5 ನಿಮಿಷ ಕಾದು, ಡಿಸಿ ರೇಂಜಿನಲ್ಲಿ ಅಳೆಯಿರಿ. ಉಳಿದ ಚಾರ್ಜ್ ಎಸಿ ರೇಂಜಿನಲ್ಲಿ ಕಾಣುವುದಿಲ್ಲ.

ಐಸೊಲೇಟರ್‌ಗೆ (ಸಪ್ಲೈ ಪೂರ್ತಿ ಕಡಿಯುವ ಸ್ವಿಚ್‌ಗೆ) ಬೀಗ ಹಾಕಬೇಕು ಎಂದು ನೀವು ಬರೆದದ್ದು ಸರಿ. ಆದರೆ ಕೀಲಿ ಇರಬೇಕಾದದ್ದು ಕೆಲಸ ಮಾಡುವವನ ಜೇಬಿನಲ್ಲಿ, ಸೂಪರ್‌ವೈಸರ್ ಡ್ರಾಯರ್‌ನಲ್ಲಲ್ಲ.