ರಕ್ತ ನಿಲ್ಲೋಕೂ ಔಷಧಿ, ತೆಳು ಮಾಡೋಕೂ ಔಷಧಿ?

ಆಯಿಯ ಮೊಣಕಾಲಿನ ಆಪರೇಷನ್ ಆಗಿ ಮೂರು ವಾರ ಆಯ್ತು. ಈಗ ವಾಕರ್ ಹಿಡಿದು ಜಗುಲಿಯಿಂದ ಅಡುಗೆಮನೆವರೆಗೆ ಹೋಗಿ ಬರುತ್ತಾಳೆ. ಆದರೆ ನಡುವೆ ಎರಡು ದಿನ ನಾವು ಮಾಡಿದ ತಪ್ಪನ್ನು ಹೇಳಲೇಬೇಕು.

ಹಿಂದೆ ದೊಡ್ಡಾಯಿಗೆ ಇದೇ ಆಪರೇಷನ್ ಆದಾಗ ಎರಡು ಬಾಟಲಿ ರಕ್ತ ಬೇಕಾಗಿತ್ತು. ಶಿರಸಿಯಿಂದ ಹುಬ್ಬಳ್ಳಿಗೆ ಹುಡುಗರನ್ನು ಕರೆದುಕೊಂಡು ಓಡಿದ್ದೆವು. ಈ ಸಲ ಒಂದು ಹನಿಯೂ ಬೇಕಾಗಲಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಕೊಟ್ಟಿದ್ದೇವೆ ಅಂದರು ಡಾಕ್ಟರ್. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಹೆಂಗಸರಿಗೆ ಕೊಡುವ ಮಾತ್ರೆಯೂ ಅದೇ, ದುಬಾರಿಯೇನಲ್ಲ. ಹೆರಿಗೆಯಲ್ಲಿ ರಕ್ತ ಹೋಗಿ ಹೆಂಗಸರು ಸಾಯಬಾರದು ಅಂತ ಜಪಾನಿನ ಒಕಾಮೊಟೊ ದಂಪತಿ ಹುಡುಕಿ, 1962ರಲ್ಲಿ ಜಗತ್ತಿಗೆ ತಿಳಿಸಿದ ಔಷಧಿ ಇದು. ಮೊಣಕಾಲಲ್ಲಿ ಮೂಳೆಯನ್ನೇ ಕೊಯ್ಯುತ್ತಾರೆ, ಆಮೇಲೂ ಗಂಟೆಗಟ್ಟಲೆ ರಕ್ತ ಜಿನುಗುತ್ತಿರುತ್ತದೆ, ಕಟ್ಟಿದ ಹೆಪ್ಪನ್ನು ನಮ್ಮ ಮೈಯೇ ಕರಗಿಸುತ್ತಿರುತ್ತದೆ. ಈ ಔಷಧಿ ಆ ಕರಗುವುದನ್ನು ತಡೆಯುತ್ತದೆ, ಅಷ್ಟೇ. ಕೆಲವು ಗಂಟೆಯಲ್ಲಿ ಅದರ ಕೆಲಸ ಮುಗಿಯಿತು.

ಮನೆಗೆ ಬರುವಾಗ ಕೊಟ್ಟದ್ದು ರಕ್ತ ತೆಳು ಮಾಡುವ ಮಾತ್ರೆ. ನೋಡಲು ಬಂದ ನೆಂಟರೊಬ್ಬರು, "ಅಲ್ಲಿ ರಕ್ತ ನಿಲ್ಲಿಸಿದರು, ಇಲ್ಲಿ ತೆಳು ಮಾಡ್ತಾರಾ?" ಅಂದರು. ಸರಿ ಅನ್ನಿಸಿತು. ಆಯಿ ಮಾತ್ರೆ ಬಿಟ್ಟಳು, ನಾನೂ ಕೇಳಲಿಲ್ಲ. ಮೂರನೇ ದಿನ ಫೋನ್ ಮಾಡಿದಾಗಲೇ ಗೊತ್ತಾಗಿದ್ದು: ಕಾಲು ಆಡದೆ ಮಲಗಿದ್ದರೆ ಮೀನಖಂಡದ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು, ಅದು ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಅಪಾಯ. ಮೊದಲನೆಯದು ಆಪರೇಷನ್ ದಿನದ ರಕ್ತಸ್ರಾವಕ್ಕೆ, ಎರಡನೆಯದು ಮುಂದಿನ ವಾರಗಳಿಗೆ. ಎರಡೂ ಬೇಕು. ನಮ್ಮ ಪುಣ್ಯ, ಏನೂ ಆಗಲಿಲ್ಲ. ರಾತ್ರಿ ಕಾಲು ಊದಿ ಉಸಿರು ಕಟ್ಟಿದ್ದರೆ ಮತ್ತೆ ಹುಬ್ಬಳ್ಳಿಗೇ ಓಡಬೇಕು, ಸುಮಾರು ನೂರು ಕಿಲೋಮೀಟರ್. ನಮ್ಮ ಜಿಲ್ಲೆಯವರಿಗೆ ಆ ದಾರಿ ಏನಂತ ಹೇಳಬೇಕಾಗಿಲ್ಲ ಅಲ್ವಾ?

ಡಿಸ್ಚಾರ್ಜ್ ಚೀಟಿಯಲ್ಲಿ ಎಲ್ಲಾ ಇಂಗ್ಲಿಷಿನಲ್ಲೇ ಇತ್ತು. ಮಾತ್ರೆ ಯಾಕೆ, ಎಷ್ಟು ದಿನ ಅಂತ ಕನ್ನಡದಲ್ಲಿ ಎರಡು ಸಾಲು ಬರೆದುಕೊಟ್ಟಿದ್ದರೆ ಇದಾಗುತ್ತಿರಲಿಲ್ಲ. ದಯವಿಟ್ಟು ಕೇಳಿ ಬರೆಸಿಕೊಳ್ಳಿ. ಆಪರೇಷನ್‌ಗೆ ಮೊದಲೇ ಹೇಳಬೇಕಾದ್ದೂ ಇದೆ. ಹಿಂದೆ ಹೆಪ್ಪುಗಟ್ಟಿತ್ತಾ, ಫಿಟ್ಸ್ ಇದೆಯಾ, ಕಿಡ್ನಿ ತೊಂದರೆಯಾ, ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರಾ, ಒಂದನ್ನೂ ಮುಚ್ಚಿಡಬೇಡಿ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಮೊದಲೇ ಸರಿ ಮಾಡಿಸಿಕೊಳ್ಳಿ.

ನಾನೀಗ ಆಯಿಯ ಮಾತ್ರೆ ಡಬ್ಬಿ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ನಿನ್ನೆ ಪಕ್ಕದ ಮನೆ ಅತ್ತೆ ಅದನ್ನು ಓದಿ, ಮಾವನ ಚೀಟಿಯನ್ನೂ ತಂದುಕೊಟ್ಟಿದ್ದಾರೆ.